ನಿಶಿಕಸಾಯ್‌ನಲ್ಲಿ ಮನೆ ಮಾಡಿದ್ದೀರಾ? ಟೈಫೂನ್‌ಗೆ ಮುಂಚೆ ಇದನ್ನು ಓದಿ

ಟೋಕಿಯೋಗೆ ಹೊಸದಾಗಿ ಬರುವ ನಮ್ಮವರು ಮೊದಲು ಕೇಳುವುದೇ ನಿಶಿಕಸಾಯ್‌ನಲ್ಲಿ ಮನೆ ಸಿಗುತ್ತಾ ಅಂತ. ತೋಝಾಯ್ ಲೈನ್ ಮೆಟ್ರೋ ಹತ್ತಿದರೆ ಓತೆಮಾಚಿ ಆಫೀಸು ಹತ್ತಿರ, ಬೇಳೆ ಮಸಾಲೆ ಸಿಗುತ್ತದೆ, ಇಂಡಿಯನ್ ಸ್ಕೂಲ್ ಇದೆ. ಆದರೆ ಆ ಊರಿರುವ ಎದೋಗಾವಾ ವಾರ್ಡಿನ ನೆಲದಲ್ಲಿ ಶೇ. 70ರಷ್ಟು, ಸಮುದ್ರದ ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗಿದೆ. ಬಾಡಿಗೆ ಕರಾರಿಗೆ ಮುಂಚೆ ಏಜೆಂಟ್ ಗಂಟೆಗಟ್ಟಲೆ ಓದಿ ಹೇಳುತ್ತಾರಲ್ವಾ, ಅದರಲ್ಲಿ ನೆರೆ ನಕ್ಷೆಯಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತದೆ ಅನ್ನುವುದೂ ಇರುತ್ತದೆ. 2020ರ ಆಗಸ್ಟ್‌ನಿಂದ ಅದು ಕಡ್ಡಾಯ. ನಾವು ತಲೆಯಾಡಿಸಿ ಸಹಿ ಹಾಕಿಬಿಡುತ್ತೇವೆ, ಅಷ್ಟೆ.

ಆ ನಕ್ಷೆಗೆ ಇಲ್ಲಿ ಹಜಾರ್ಡ್ ಮ್ಯಾಪ್ ಅಂತಲೇ ಹೆಸರು. ವಾರ್ಡ್ ಕಚೇರಿಯಲ್ಲಿ, ಅಂದರೆ ಕುಯಾಕುಶೋದಲ್ಲಿ, ಪುಕ್ಕಟೆ ಕೊಡುತ್ತಾರೆ. ಇಂಗ್ಲಿಷ್‌ನಲ್ಲೂ ಇದೆ. 2019ರ ಮೇ ತಿಂಗಳಲ್ಲಿ ಎದೋಗಾವಾದವರು ಹೊಸದನ್ನು ಹಂಚಿದಾಗ ಜಪಾನ್ ತುಂಬ ಸುದ್ದಿಯಾಯಿತು. ಕಾರಣ ಅದರ ಮುಖಪುಟ. ತಮ್ಮದೇ ವಾರ್ಡಿನ ಚಿತ್ರ ಹಾಕಿ, ಅಲ್ಲಿಂದ ಆಚೆಗೆ ಬಾಣ ಎಳೆದು, ‘ಇಲ್ಲಿ ಇರಬೇಡಿ’ ಅಂತ ಬರೆದಿದ್ದರು! ಸರ್ಕಾರಿ ಕಾಗದದಲ್ಲಿ ಇಷ್ಟು ನೇರ ಮಾತು ಅಪರೂಪ. ನನಗಂತೂ ಅದು ಸರಿ ಅನಿಸುತ್ತದೆ. ಸುಮಿದಾ, ಕೋತೋ, ಅದಾಚಿ, ಕತ್ಸುಶಿಕಾ, ಎದೋಗಾವಾ, ಈ ಐದು ವಾರ್ಡ್ ಸೇರಿ ಸುಮಾರು 25 ಲಕ್ಷ ಜನ ನೆರೆಗೆ ಸಿಗಬಹುದು ಅನ್ನುವುದು ಅವರ ಲೆಕ್ಕ. ಕೆಲವು ಕಡೆ ನೀರು ಎರಡು ವಾರಕ್ಕಿಂತ ಜಾಸ್ತಿ ನಿಲ್ಲುತ್ತದೆ. ಅಷ್ಟು ಜನಕ್ಕೆ ಆಶ್ರಯತಾಣವಾಗುವ ಶಾಲೆಗಳಲ್ಲಿ ಜಾಗ ಎಲ್ಲಿಂದ ಬರಬೇಕು?

ಹಾಗಾಗಿ ಇಲ್ಲಿನ ವ್ಯವಸ್ಥೆಯಿಂದ ನಿಮಗೆ ಮುಖ್ಯವಾಗಿ ಸಿಗುವುದು ಸಮಯ. ಎರಡು ಮೂರು ದಿನ ಮುಂಚೆಯೇ ಸುದ್ದಿ ಕೊಡುತ್ತಾರೆ. ಹೊರಡುವುದು ನಿಮ್ಮ ಕೆಲಸ.

ಹೊರಡುವ ಗಡುವನ್ನು ನಿಜವಾಗಿ ಗೊತ್ತುಮಾಡುವುದು ಮಳೆಯಲ್ಲ, ರೈಲು. ದೊಡ್ಡ ಟೈಫೂನ್ ಬರುವಾಗ ಜೆಆರ್ ರೈಲ್ವೆ, ಮೆಟ್ರೋದವರು ಹಿಂದಿನ ದಿನವೇ ಹೇಳಿ ರೈಲು ನಿಲ್ಲಿಸುತ್ತಾರೆ. ಇದಕ್ಕೆ ‘ಕೇಕಾಕು ಉನ್‌ಕ್ಯೂ’ ಅನ್ನುತ್ತಾರೆ. 2019ರ ಅಕ್ಟೋಬರ್ 12ರಂದು ಹಗಿಬಿಸ್ ಟೈಫೂನ್ ಸಂಜೆ ಇಝು ಕಡೆ ನೆಲ ಮುಟ್ಟಿತು. ಟೋಕಿಯೋದ ರೈಲುಗಳು ಮಧ್ಯಾಹ್ನದ ಹೊತ್ತಿಗೇ ಒಂದೊಂದಾಗಿ ನಿಂತಿದ್ದವು. ಐದು ವಾರ್ಡಿನವರು ಸೇರಿ ಜನರನ್ನು ದೂರದ ಊರುಗಳಿಗೆ ಕಳಿಸುವ ಯೋಜನೆ ಆಗಲೇ ಕೈಯಲ್ಲಿತ್ತು. ಆದರೆ ಜಾರಿಗೆ ತರಲಾಗಲಿಲ್ಲ. ರೈಲೇ ಇಲ್ಲದ ಮೇಲೆ ಜನರನ್ನು ಕಳಿಸುವುದು ಹೇಗೆ? ತೋಝಾಯ್ ಲೈನ್ ಬೇರೆ ಅರಾಕಾವಾ ನದಿಯನ್ನು ಸೇತುವೆ ಮೇಲೆ ದಾಟುತ್ತದೆ. ಗಾಳಿ ಜೋರಾದರೆ ಬೇಗ ನಿಲ್ಲುತ್ತದೆ.

ಹೋಗುವುದಾದರೆ ಟೈಫೂನ್ ಬರುವ ಹಿಂದಿನ ದಿನ ಮಧ್ಯಾಹ್ನದೊಳಗೆ ಹೊರಡಿ. ಎಲ್ಲಿಗೆ ಅನ್ನುವುದನ್ನು ಮಳೆಗಾಲಕ್ಕೆ ಮುಂಚೆಯೇ ಮಾತಾಡಿಕೊಳ್ಳಿ: ಎತ್ತರದ ಜಾಗದಲ್ಲಿರುವ ಸ್ನೇಹಿತರ ಮನೆ, ಇಲ್ಲವೇ ಹೋಟೆಲ್. ಎದೋಗಾವಾದಲ್ಲಿ ಹೀಗೆ ಹೊರಗೆ ಹೋಗುವವರ ಹೋಟೆಲ್ ಖರ್ಚಿಗೆ ಸಹಾಯಧನದ ಯೋಜನೆಯೂ ಇದೆ. ಷರತ್ತು ಕೇಳಿಕೊಂಡು ಬಿಲ್ಲು ಇಟ್ಟುಕೊಳ್ಳಿ.

ಮೊಬೈಲ್‌ಗೆ ಬರುವ ಎಚ್ಚರಿಕೆಗಳಲ್ಲಿ ಒಂದರಿಂದ ಐದರವರೆಗೆ ಲೆವೆಲ್ ಇರುತ್ತವೆ. ಲೆವೆಲ್ 3 ಬಂದರೆ ವಯಸ್ಸಾದವರು, ಓಡಾಡಲು ಕಷ್ಟ ಇರುವವರು ಹೊರಡಬೇಕು. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ, ಕೈಗೂಸು ಇದ್ದರೆ, ಇದು ನಿಮಗೂ ಅನ್ವಯ. ಲೆವೆಲ್ 4 ‘ಹಿನಾನ್ ಶಿಜಿ’, ಅಪಾಯದ ಜಾಗದಲ್ಲಿರುವ ಎಲ್ಲರೂ ಖಾಲಿ ಮಾಡಬೇಕು. ಲೆವೆಲ್ 5 ಅಂದರೆ ಸಮಯ ಮುಗಿಯಿತು, ಇದ್ದಲ್ಲೇ ಎತ್ತರಕ್ಕೆ ಹತ್ತಿ ಜೀವ ಉಳಿಸಿಕೊಳ್ಳಿ ಅಂತ. ಐದು ಬರಲಿ ನೋಡೋಣ ಅಂತ ಕೂತವರಿಗೆ ಅದು ಬರದೆಯೂ ಇರಬಹುದು. ಎಲ್ಲೆಲ್ಲಿ ಎಷ್ಟು ಅಪಾಯ ಅಂತ ಬಣ್ಣದಲ್ಲಿ ತೋರಿಸುವ ಹವಾಮಾನ ಇಲಾಖೆಯ ‘ಕಿಕಿಕುರು’ ನಕ್ಷೆ ನೋಡುತ್ತಿರಿ. ನೇರಳೆ ಬಣ್ಣ ಬಂತೆಂದರೆ ಅದು ಲೆವೆಲ್ 4ರ ಮಟ್ಟದ ಅಪಾಯ.

ಕಿಟಕಿಯಾಚೆ ಮಳೆ ನಿಂತಿತು ಅಂತ ನಂಬಬೇಡಿ. ಅರಾಕಾವಾ ಹುಟ್ಟುವುದು ದೂರದ ಚಿಚಿಬು ಬೆಟ್ಟಗಳಲ್ಲಿ. ಅಲ್ಲಿ ಸುರಿದದ್ದು ನಮ್ಮಲ್ಲಿಗೆ ಬರುವಷ್ಟರಲ್ಲಿ ಇಲ್ಲಿ ಆಕಾಶ ತಿಳಿಯಾಗಿರಬಹುದು. ಇನ್ನೊಂದು ಮಾತು ಪಾರ್ಟಿಗಳಲ್ಲಿ ಕೇಳುತ್ತಿರುತ್ತೇನೆ: ಕಸುಕಾಬೆಯಲ್ಲಿ ನೆಲದಡಿ ದೊಡ್ಡ ಟ್ಯಾಂಕ್ ಇದೆಯಲ್ಲ, ಟೋಕಿಯೋಗೆ ಏನೂ ಆಗಲ್ಲ ಅಂತ. ಟ್ಯಾಂಕ್ ಇರುವುದು ನಿಜ. 6.3 ಕಿಲೋಮೀಟರ್ ಸುರಂಗ, 18 ಮೀಟರ್ ಎತ್ತರದ ಕಂಬಗಳು, ಹಗಿಬಿಸ್ ದಿನ ಬಹಳ ಕೆಲಸ ಮಾಡಿತು. ಆದರೆ ಅದು ಸೈತಾಮಾ ಕಡೆಯ ಸಣ್ಣ ನದಿಗಳ ನೀರನ್ನು ಎದೋಗಾವಾ ನದಿಗೆ ಸಾಗಿಸಲು ಕಟ್ಟಿದ್ದು. ಅರಾಕಾವಾ ನದಿಯ ಒಡ್ಡು ಒಡೆದರೆ ಅದು ಕಾಪಾಡುವುದಿಲ್ಲ.

‘ನಾವಿರೋದು ಎಂಟನೇ ಮಹಡಿ’ ಅನ್ನುವವರು ಟೋಕಿಯೋ ಪಕ್ಕದ ಕವಾಸಾಕಿಯ ಮುಸಾಶಿಕೊಸುಗಿಯ ಕಥೆ ಕೇಳಬೇಕು. ಹಗಿಬಿಸ್ ಬಂದಾಗ ಅಲ್ಲಿನ ದೊಡ್ಡ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಗೆ ನೀರು ನುಗ್ಗಿ ವಿದ್ಯುತ್ ವ್ಯವಸ್ಥೆ ಕೆಟ್ಟಿತು. ಮೇಲಿನ ಮನೆಗಳಿಗೆ ಒಂದು ಹನಿ ತಾಗಿರಲಿಲ್ಲ. ಆದರೂ ಲಿಫ್ಟ್ ಇಲ್ಲ, ನಲ್ಲಿ ನೀರಿಲ್ಲ, ಟಾಯ್ಲೆಟ್ ಬಳಸುವ ಹಾಗಿಲ್ಲ. ಮನೆಯಲ್ಲೇ ಉಳಿಯುವುದಾದರೆ ತುರ್ತು ಟಾಯ್ಲೆಟ್ ಚೀಲಗಳನ್ನು ಕುಡಿಯುವ ನೀರಿನಷ್ಟೇ ಮುಖ್ಯ ಅಂತ ತಿಳಿದು ಕೊಂಡಿಡಿ. ಹೋಮ್ ಸೆಂಟರ್‌ಗಳಲ್ಲಿ ಸಿಗುತ್ತವೆ.

ನೆಲ ಮಹಡಿಯವರಿಗೆ ಇನ್ನೊಂದು ತೊಂದರೆ: ಚರಂಡಿ ತುಂಬಿದಾಗ ಕಮೋಡ್‌ನಿಂದ, ಬಚ್ಚಲಿನ ತೂಬಿನಿಂದ ನೀರು ಮೇಲೆ ಉಕ್ಕುತ್ತದೆ. ಕಸದ ಚೀಲ ಎರಡನ್ನು ಒಂದರೊಳಗೊಂದು ಹಾಕಿ, ಅರ್ಧ ನೀರು ತುಂಬಿ, ಗಾಳಿ ತೆಗೆದು ಬಾಯಿ ಬಿಗಿದು ಕಮೋಡ್ ಒಳಗೆ, ತೂಬಿನ ಮೇಲೆ ಇಡಿ. ಭಾರಕ್ಕೆ ತಡೆಯುತ್ತದೆ. ಬಾಲ್ಕನಿಯ ಬಟ್ಟೆ ಒಣಗಿಸುವ ಕೋಲು, ಕುಂಡ, ಚಪ್ಪಲಿ ಎಲ್ಲ ಒಳಗೆ ತನ್ನಿ.

ಸರ್ಕಾರದ ಆಶ್ರಯತಾಣ ‘ಹಿನಾನ್‌ಜೋ’ ಸಾಮಾನ್ಯವಾಗಿ ಹತ್ತಿರದ ಶಾಲೆ. ವೀಸಾ ಯಾವುದೇ ಇರಲಿ, ವಿದೇಶಿಯರೂ ಹೋಗಬಹುದು. ಹೊದಿಕೆ, ಊಟ, ಔಷಧಿ ನೀವೇ ಒಯ್ಯಬೇಕು. ಅಲ್ಲಿ ಕೊಡುವುದರಲ್ಲಿ ಮೀನಿನ ಸಾರ ಇರುವ ಸಂಭವ ಜಾಸ್ತಿ. ಸಸ್ಯಾಹಾರಿಗಳು ‘ಆರುಫಾಮೈ’ ಅನ್ನುವ ಒಣ ಅನ್ನದ ಪೊಟ್ಟಣ ಇಟ್ಟುಕೊಳ್ಳಿ, ಸಾದಾ ಬಿಳಿ ಅನ್ನದ್ದು. ಬಿಸಿನೀರು ಹಾಕಿದರೆ 15 ನಿಮಿಷ, ತಣ್ಣೀರಾದರೆ ಒಂದು ಗಂಟೆ. ಚಟ್ನಿಪುಡಿ ಜೊತೆ ಪರವಾಗಿಲ್ಲ.

ನೀರು ಇಳಿದ ಮೇಲೆ ಗುಡಿಸುವ ಆತುರ ಬೇಡ. ಮೊದಲು ಫೋಟೋ. ಮನೆಯ ಹೊರಗೆ ನಾಲ್ಕೂ ಕಡೆಯಿಂದ, ಒಳಗೆ ಕೋಣೆ ಕೋಣೆಯದು, ಗೋಡೆಯ ಮೇಲಿನ ನೀರಿನ ಗೆರೆಗೆ ಅಳತೆ ಟೇಪು ಹಿಡಿದು. ಇವನ್ನು ಕುಯಾಕುಶೋಗೆ ಕೊಟ್ಟು ‘ರಿಸಾಯ್ ಶೋಮೇಶೋ’ ಅನ್ನುವ ಹಾನಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಪರಿಹಾರ, ತೆರಿಗೆ ರಿಯಾಯಿತಿಗೆಲ್ಲ ಅದನ್ನೇ ಕೇಳುತ್ತಾರೆ. ಬಾಡಿಗೆ ಮನೆಗೆ ಮಾಡಿಸಿದ ಬೆಂಕಿ ವಿಮೆಯಲ್ಲಿ ‘ಸುಯಿಸಾಯ್’, ಅಂದರೆ ನೆರೆ ಹಾನಿ, ಸೇರಿದೆಯೇ ಅಂತ ಈಗಲೇ ನೋಡಿ. ಸೇರಿದ್ದರೂ ಸಾಮಾನ್ಯವಾಗಿ ನೀರು ಮನೆಯ ನೆಲಹಾಸಿಗಿಂತ ಮೇಲೆ ಬಂದಿರಬೇಕು, ಇಲ್ಲವೇ ಹೊರಗಿನ ನೆಲದಿಂದ 45 ಸೆಂಟಿಮೀಟರ್ ದಾಟಿರಬೇಕು. ಟೇಪು ಹಿಡಿದು ಫೋಟೋ ತೆಗೆಯಿರಿ ಅಂದದ್ದು ಅದಕ್ಕೇ.