ಒಳಕಿವಿಯ ತಲೆಸುತ್ತು: ಮೊದಲು ಇಳಿಸಬೇಕಾದ್ದು ಭಯ

ಕೂತಲ್ಲೇ ಕೋಣೆ ಗಿರ್ರನೆ ತಿರುಗುತ್ತದೆ. ಒಂದು ಕಿವಿ ಕಟ್ಟಿಕೊಂಡ ಹಾಗೆ, ಒಳಗೆ ಗುಂಯ್ ಅನ್ನುವ ಸದ್ದು. ಬೆವರು, ವಾಂತಿ. ಅರ್ಧ ಗಂಟೆಯೋ ಐದು ಗಂಟೆಯೋ ಕಳೆದ ಮೇಲೆ ತಿರುಗುವುದು ನಿಲ್ಲುತ್ತದೆ, ಮೈ ಮಾತ್ರ ಹಿಂಡಿ ಹಾಕಿದಂತೆ ಸೋತಿರುತ್ತದೆ. ಡಾಕ್ಟರ್ ಪರೀಕ್ಷೆಗಳನ್ನೆಲ್ಲ ಮಾಡಿ ‘ಮೆನಿಯರ್ ಕಾಯಿಲೆ’ ಅನ್ನುತ್ತಾರೆ. ಮಾತ್ರೆ ಬರೆದುಕೊಟ್ಟು, ಬಾಗಿಲವರೆಗೆ ಬಂದಾಗ ಇನ್ನೊಂದು ಮಾತು ಸೇರಿಸುತ್ತಾರೆ: ‘ಟೆನ್ಷನ್ ಮಾಡ್ಕೋಬೇಡಿ.’

ಆ ಮಾತೇ ಎಲ್ಲಕ್ಕಿಂತ ಕಷ್ಟದ್ದು, ಅಲ್ವಾ? ಯಾವ ಗಳಿಗೆಯಲ್ಲಿ ನೆಲ ಜಾರುತ್ತದೋ ಗೊತ್ತಿಲ್ಲದವರು ಟೆನ್ಷನ್ ಇಲ್ಲದೆ ಇರುವುದು ಹೇಗೆ? ಈ ಕಾಯಿಲೆ ಇರುವವರಿಗೆ ಆಫೀಸಿನ ಒತ್ತಡ, ಮನೆಯ ಒತ್ತಡ ಎಲ್ಲ ಇದ್ದೇ ಇರುತ್ತದೆ. ಅವೆಲ್ಲದರ ಮೇಲೆ ಕೂತಿರುವುದು ಮುಂದಿನ ಸುತ್ತಿನ ಭಯ. ಹಾಗಾಗಿ ಉಪ್ಪು, ನಿದ್ದೆ, ವ್ಯಾಯಾಮದ ಮಾತಿಗೆ ಮೊದಲು ಆ ಭಯಕ್ಕೇ ಒಂದು ದಾರಿ ಮಾಡೋಣ.

ಕಿವಿಯೊಳಗೆ ಆಗುವುದೇನು?

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಸಣ್ಣ ಸಣ್ಣ ಕೊಳವೆಗಳಿವೆ. ಕೇಳಿಸುವ ಕೆಲಸ, ತಲೆ ಎತ್ತ ತಿರುಗಿತು ಎಂದು ಮೆದುಳಿಗೆ ತಿಳಿಸುವ ಕೆಲಸ ಎರಡೂ ಅಲ್ಲೇ ನಡೆಯುತ್ತವೆ. ಮೆನಿಯರ್ ಕಾಯಿಲೆಯಲ್ಲಿ ಎಂಡೋಲಿಂಫ್ ಎಂಬ ದ್ರವ ಜಾಸ್ತಿಯಾಗಿ ಆ ಕೊಳವೆಗಳು ಉಬ್ಬಿರುತ್ತವೆ. ಅದಕ್ಕೇ ಕಿವಿ ಕಟ್ಟುವುದು, ಸದ್ದು, ಮಂದವಾಗಿ ಕೇಳುವುದು, ಸುತ್ತು ಎಲ್ಲ ಒಟ್ಟಿಗೆ ಬರುತ್ತವೆ. ಇಂಥ ತಲೆಸುತ್ತು ಮೆದುಳಿನಿಂದಲ್ಲ, ಒಳಕಿವಿಯಿಂದ ಬರುತ್ತದೆ ಎಂದು 1861ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ವಾದಿಸಿದವರು ಪ್ರಾಸ್ಪರ್ ಮೆನಿಯರ್ ಎಂಬ ವೈದ್ಯರು. ಕೊಳವೆಗಳ ಊತ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದು 1938ರಲ್ಲಿ.

ಒತ್ತಡಕ್ಕೂ ಇದಕ್ಕೂ ಏನು ನಂಟು? ನಂಟು ಎರಡೂ ಕಡೆಯಿಂದ ಇದೆ. ಸುತ್ತು ಬಂದರೆ ಒತ್ತಡ ಏರುತ್ತದೆ. ಒತ್ತಡ, ನಿದ್ದೆಗೇಡು ಇದ್ದ ದಿನಗಳಲ್ಲಿ ಸುತ್ತು ಬಂತು ಎಂದು ಬಹಳ ಜನ ಹೇಳುತ್ತಾರೆ. ಒತ್ತಡದಲ್ಲಿ ಹೆಚ್ಚುವ ಹಾರ್ಮೋನುಗಳಲ್ಲಿ ವಾಸೋಪ್ರೆಸಿನ್ ಒಂದು. ಮೈಯಲ್ಲಿ ನೀರು ಹಿಡಿದಿಡುವಂತೆ ಮೂತ್ರಪಿಂಡಕ್ಕೆ ಹೇಳುವುದು ಅದರ ಕೆಲಸ. ಒಳಕಿವಿಯ ದ್ರವದ ಮೇಲೂ ಅದರ ಪ್ರಭಾವ ಇರಬಹುದು ಎಂದು ಸಂಶೋಧಕರು ಶಂಕಿಸುತ್ತಾರೆ. ಆದರೆ ‘ನೀನು ಟೆನ್ಷನ್ ಮಾಡ್ಕೊಂಡಿದ್ದಕ್ಕೇ ಈ ಕಾಯಿಲೆ ಬಂತು’ ಎಂದು ಯಾರಾದರೂ ಅಂದರೆ ದಯವಿಟ್ಟು ನಂಬಬೇಡಿ. ಅದು ತಪ್ಪು. ನೊಂದವರನ್ನು ಮತ್ತೆ ನೋಯಿಸುವ ಮಾತು ಅದು.

ಶುರುಮಾಡುವ ಮೊದಲು: ಇದು ಅದೇನಾ?

ತಲೆ ತಿರುಗುವುದೆಲ್ಲ ಮೆನಿಯರ್ ಅಲ್ಲ. ಹಾಸಿಗೆಯಲ್ಲಿ ಹೊರಳಿದಾಗ ಕೆಲವು ಸೆಕೆಂಡು ತಿರುಗಿ ನಿಲ್ಲುವುದು ಬೇರೆ ತೊಂದರೆ. ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದಾಗ ಹಾಗಾಗುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಡಾಕ್ಟರ್ ಅದನ್ನು ಸರಿಮಾಡಬಲ್ಲರು, ಉಪ್ಪು ಬಿಡುವ ಅಗತ್ಯವೇ ಇಲ್ಲ. ಮೈಗ್ರೇನ್‌ನಿಂದಲೂ ಸುತ್ತು ಬರುತ್ತದೆ. ಮೆನಿಯರ್ ಎನ್ನಲು 20 ನಿಮಿಷದಿಂದ 12 ಗಂಟೆಯವರೆಗಿನ ಸುತ್ತು ಎರಡು ಸಲವಾದರೂ ಬಂದಿರಬೇಕು. ತೊಂದರೆಯಿರುವ ಕಿವಿಯಲ್ಲಿ ಸದ್ದು ಅಥವಾ ಕಟ್ಟಿದ ಅನುಭವ ಇರಬೇಕು. ಕೇಳುವ ಶಕ್ತಿ ಕುಗ್ಗಿದ್ದು ಶ್ರವಣ ಪರೀಕ್ಷೆಯಲ್ಲಿ ಕಾಣಬೇಕು. ಆದ್ದರಿಂದ ಇಎನ್‌ಟಿ ಡಾಕ್ಟರನ್ನು ಕಾಣದೆ ಮುಂದಿನ ಹೆಜ್ಜೆ ಇಡಬೇಡಿ.

ಇನ್ನೊಂದು ಮಾತು. ಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಒಂದು ಕಡೆ ಜಗ್ಗಿದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಕಾಯುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅದು ಪಾರ್ಶ್ವವಾಯು ಇರಬಹುದು.

ಹೆಜ್ಜೆ 1: ಸುತ್ತು ಬಂದರೆ ಏನು ಮಾಡುವುದೆಂದು ಬರೆದಿಡಿ

ಆರಾಮಾಗಿರುವ ಒಂದು ದಿನ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಮನಸ್ಸಲ್ಲೇ ಇಟ್ಟುಕೊಂಡರೆ ಸಾಲದು. ಸುತ್ತು ಬಂದಾಗ ತಲೆ ಓಡುವುದಿಲ್ಲ.

ಮೊದಲನೆಯದು, ಇದ್ದಲ್ಲೇ ಕೂರುವುದು ಅಥವಾ ಮಲಗುವುದು. ಹಾಸಿಗೆವರೆಗೆ ಹೋಗಬೇಕೆಂಬ ಹಟದಲ್ಲೇ ಜನ ಬೀಳುತ್ತಾರೆ. ನೆಲವೂ ಆದೀತು. ತಲೆ ಅಲ್ಲಾಡಿಸದೆ, ಅಲುಗದ ಒಂದು ವಸ್ತುವನ್ನು ನೋಡುತ್ತಿರಿ: ಬಾಗಿಲ ಹಿಡಿ, ಗೋಡೆಯ ಮೇಲಿನ ಚುಕ್ಕೆ, ಯಾವುದಾದರೂ ಸರಿ. ಕೋಣೆಯ ಬೆಳಕು ಕಡಿಮೆ ಮಾಡಲು ಹೇಳಿ. ವಾಂತಿಗೆ, ಸುತ್ತಿಗೆ ಅಂತ ಡಾಕ್ಟರ್ ಕೊಟ್ಟ ಮಾತ್ರೆ ತೆಗೆದುಕೊಳ್ಳಿ. ಅದು ಸುತ್ತಿನ ಹೊತ್ತಿಗೆ ಮಾತ್ರ. ಸುತ್ತು ತಡೆಯುವ ಆ ಮಾತ್ರೆಗಳನ್ನು ದಿನವೂ ನುಂಗುತ್ತಾ ಹೋದರೆ, ಏರುಪೇರಿಗೆ ಹೊಂದಿಕೊಳ್ಳುವ ಮೆದುಳಿನ ಕೆಲಸಕ್ಕೇ ಅಡ್ಡಿಯಾಗುತ್ತದೆ. ವಾಂತಿ ನಿಂತ ಮೇಲೆ ನೀರು ಗುಟುಕು ಗುಟುಕಾಗಿ. ಏಳುವಾಗ ನಿಧಾನ.

ಒಂದು ಸಣ್ಣ ಚೀಲದಲ್ಲಿ ಮಾತ್ರೆ, ನೀರಿನ ಬಾಟಲಿ, ವಾಂತಿಗೆ ಒಂದು ಕವರ್, ಕರವಸ್ತ್ರ ಇಟ್ಟುಕೊಳ್ಳಿ. ಜೊತೆಗೆ ‘ನನಗೆ ಒಳಕಿವಿಯ ಕಾಯಿಲೆಯಿದೆ, ತಲೆ ಸುತ್ತುತ್ತಿದೆ, ಕುಡಿದಿಲ್ಲ, ಈ ನಂಬರಿಗೆ ಫೋನ್ ಮಾಡಿ’ ಎಂದು ಬರೆದ ಚೀಟಿ. ಮನೆಯಲ್ಲಿ ಇಬ್ಬರಿಗೆ, ಕೆಲಸದ ಜಾಗದಲ್ಲಿ ಒಬ್ಬರಿಗೆ ಈ ಹಾಳೆ ಓದಿ ಹೇಳಿ. ನೂರು ಸಲ ‘ಧೈರ್ಯವಾಗಿರು’ ಎನ್ನುವುದಕ್ಕಿಂತ ಈ ಚೀಲ ಜಾಸ್ತಿ ಧೈರ್ಯ ಕೊಡುತ್ತದೆ ಎಂಬುದು ನನ್ನ ನಂಬಿಕೆ. ಸುತ್ತು ಬರುವುದು ನಮ್ಮ ಕೈಯಲ್ಲಿಲ್ಲ. ಬಂದಾಗ ಏನು ಮಾಡುತ್ತೇವೆ ಎನ್ನುವುದು ಇದೆ.

ಹೆಜ್ಜೆ 2: ಡೈರಿ

ದಿನಕ್ಕೆ ಎರಡು ಸಾಲು ಸಾಕು. ಸುತ್ತು ಬಂತೇ, ಎಷ್ಟು ಹೊತ್ತು ಇತ್ತು, ಕಿವಿಯ ಸದ್ದು ಹೇಗಿತ್ತು, ಎಷ್ಟು ಗಂಟೆ ನಿದ್ದೆ, ಏನು ತಿಂದಿರಿ, ಮನಸ್ಸು ಹೇಗಿತ್ತು. ಸುತ್ತು ಬರದ ದಿನವೂ ಬರೆಯಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಕೆಲವರಿಗೆ ಸುತ್ತಿಗೆ ಮುಂಚೆ ಕಿವಿ ಕಟ್ಟುತ್ತದೆ, ಸದ್ದು ಏರುತ್ತದೆ. ಡೈರಿ ನೋಡಿದಾಗ ಆ ಮುನ್ಸೂಚನೆ ಗೊತ್ತಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ತಿಂಗಳು ನೋಡಿ. ಇದಕ್ಕೆ ಕಾರಣ ಇದೆ. ಈ ಕಾಯಿಲೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಈ ಕಾಯಿಲೆಗೆ ಕೊಡುವ ಬೀಟಾಹಿಸ್ಟಿನ್ ಎಂಬ ಮಾತ್ರೆಯ ಬಗ್ಗೆ 2016ರಲ್ಲಿ ಜರ್ಮನಿಯ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ನೋಡಿದರು. ಸುತ್ತುಗಳು ಎಲ್ಲ ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇಳಿದವು! ಅಂದರೆ ಒಂದು ತಿಂಗಳು ಚೆನ್ನಾಗಿತ್ತು ಅಂತ ಅದರ ಯಶಸ್ಸನ್ನು ಯಾವುದಕ್ಕೋ ಕಟ್ಟಿಬಿಡಬಾರದು. ಹಾಗಂತ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಹೆಜ್ಜೆ 3: ನಿದ್ದೆ ಮತ್ತು ಗಡಿಯಾರ

ಮಲಗುವ, ಏಳುವ ಹೊತ್ತು ರಜೆಯ ದಿನವೂ ಬದಲಾಗಬಾರದು. ಊಟವೂ ಹಾಗೆಯೇ, ಹೊತ್ತಿಗೆ ಸರಿಯಾಗಿ. ಕಿವಿಯ ಸದ್ದು ನಿದ್ದೆ ಕೆಡಿಸುತ್ತಿದ್ದರೆ ಪೂರ್ತಿ ಮೌನದಲ್ಲಿ ಮಲಗಬೇಡಿ. ಫ್ಯಾನಿನ ಸದ್ದೋ, ಮಳೆಯ ಸದ್ದಿನ ರೆಕಾರ್ಡಿಂಗೋ ಮೆಲ್ಲಗೆ ಇರಲಿ. ಜೋರಾಗಿ ಗೊರಕೆ ಹೊಡೆಯುವವರು, ಎಷ್ಟು ಮಲಗಿದರೂ ಹಗಲು ತೂಕಡಿಸುವವರು ಡಾಕ್ಟರಿಗೆ ಅದನ್ನೂ ಹೇಳಬೇಕು.

ಹೆಜ್ಜೆ 4: ಉಪ್ಪಿನ ಲೆಕ್ಕ

ಉಪ್ಪು ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಅಂತ ಹೇಳುವುದಿಲ್ಲ. ಲೆಕ್ಕ ಹೀಗಿದೆ. 1 ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು, ಸರಿಸುಮಾರು ಒಂದು ಟೀ ಚಮಚ. ಅದಕ್ಕಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುತ್ತದೆ. ಮೆನಿಯರ್ ಇರುವವರಿಗೆ ಡಾಕ್ಟರುಗಳು ಹೆಚ್ಚಾಗಿ 1,500ರಿಂದ 2,000 ಮಿಲಿಗ್ರಾಂ ಎನ್ನುತ್ತಾರೆ.

ಅಡುಗೆಗೆ ಹಾಕುವ ಉಪ್ಪು ಕಣ್ಣಿಗೆ ಕಾಣುತ್ತದೆ. ಪೊಟ್ಟಣದೊಳಗಿನದು ಕಾಣುವುದಿಲ್ಲ. ಚಿಪ್ಸ್, ಸಾಸ್, ಪುಡಿ ಸೂಪು, ಚೀಸ್, ಬ್ರೆಡ್ ಎಲ್ಲದರಲ್ಲೂ ಇದೆ. ಪೊಟ್ಟಣದ ಹಿಂದೆ ಸೋಡಿಯಂ ಎಷ್ಟು ಎಂದು ಓದಿ. 100 ಗ್ರಾಂಗೆ 800 ಮಿಲಿಗ್ರಾಂ ಎಂದಿದ್ದು ನೀವು 50 ಗ್ರಾಂ ತಿಂದರೆ 400 ಮಿಲಿಗ್ರಾಂ ಆಯಿತು. ಇಡೀ ದಿನದ ಪಾಲಿನಲ್ಲಿ ಐದನೇ ಒಂದು ಭಾಗ, ಬರೀ ಒಂದು ಹಿಡಿ ತಿಂಡಿಯಲ್ಲಿ! ಬೆಳಿಗ್ಗೆ ಸಪ್ಪೆ ತಿಂದು ರಾತ್ರಿ ಒಟ್ಟಿಗೆ ಉಪ್ಪು ತಿನ್ನುವುದೂ ಬೇಡ. ದಿನವಿಡೀ ಒಂದೇ ಸಮ ಇರುವುದು ಮುಖ್ಯ.

ಉಪ್ಪು ಬಿಟ್ಟರೆ ಸುತ್ತು ನಿಂತೇ ಬಿಡುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂಬುದನ್ನೂ ಹೇಳಲೇಬೇಕು. ಆದರೂ ಮಾಡಿ ನೋಡಿ ಅನ್ನುತ್ತೇನೆ. ಖರ್ಚಿಲ್ಲ, ಬಿಪಿಗೂ ಒಳ್ಳೆಯದು, ಕೆಲವು ವಾರಗಳಲ್ಲಿ ನಾಲಿಗೆಯೂ ಒಗ್ಗಿಕೊಳ್ಳುತ್ತದೆ. ಆದರೆ ಪೂರ್ತಿ ಉಪ್ಪು ಬಿಡುವ ಹಟ ಬೇಡ. ವಯಸ್ಸಾದವರು, ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ಸೋಡಿಯಂ ತೀರಾ ಇಳಿದರೂ ಅಪಾಯ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ಬಳಸಬಾರದು.

ನೀರು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಕಾಫಿ, ಟೀ ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಒಂದು ತಿಂಗಳು ಕಡಿಮೆ ಮಾಡಿ ಡೈರಿ ಏನು ಹೇಳುತ್ತದೆ ನೋಡಿ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ನಿಧಾನವಾಗಿ ಇಳಿಸಿ. ಸಿಗರೇಟು ಬಿಡಿ. ಮದ್ಯ ಸಮತೋಲನವನ್ನು ಕೆಡಿಸುವಂಥದ್ದೇ, ಅದೂ ಬೇಡ.

ಹೆಜ್ಜೆ 5: ಉಸಿರು

ಗಾಬರಿಯಾದಾಗ ಉಸಿರು ಜೋರಾಗುತ್ತದೆ. ಉಸಿರು ಜೋರಾದರೆ ತಲೆ ಹಗುರಾಗಿ ತೇಲಿದಂತಾಗುತ್ತದೆ. ‘ಅಯ್ಯೋ, ಬಂತು’ ಅನ್ನಿಸುತ್ತದೆ. ಗಾಬರಿ ಇನ್ನೂ ಏರುತ್ತದೆ. ಕಿವಿಯೊಳಗೆ ಏನೂ ಆಗದೆಯೇ ಒಂದು ಸುತ್ತಿನಷ್ಟು ಸುಸ್ತು. ಎರಡನ್ನೂ ಬೇರೆ ಮಾಡಿ ನೋಡುವುದು ಕಲಿಯಬೇಕು. ಸುತ್ತಮುತ್ತ ತಿರುಗುತ್ತಿದೆಯಾ, ಅಥವಾ ತಲೆ ಬರೀ ತೇಲುತ್ತಿದೆಯಾ? ತೇಲುತ್ತಿದ್ದರೆ ಪಾದಗಳನ್ನು ನೆಲಕ್ಕೆ ಒತ್ತಿ ಉಸಿರು ನಿಧಾನ ಮಾಡಿ.

ಮೂಗಿನಿಂದ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಆರು ಉಸಿರು. ಐದು ನಿಮಿಷ, ದಿನಕ್ಕೆ ಎರಡು ಸಲ. ತುಂಬಾ ಆಳವಾಗಿ ಎಳೆದುಕೊಳ್ಳಬೇಡಿ, ಮೆಲ್ಲಗೆ ಇರಲಿ. ಆರಾಮಾಗಿರುವಾಗ ರೂಢಿ ಮಾಡಿಕೊಂಡರೆ ಮಾತ್ರ ಗಾಬರಿಯಲ್ಲಿ ಕೈಗೆ ಸಿಗುತ್ತದೆ. ಈಜು ಕಲಿಯುವುದು ಮುಳುಗುವಾಗ ಅಲ್ಲವಲ್ಲ.

ಚಿಂತೆ ಬಿಡದೆ ಕಾಡುತ್ತಿದ್ದರೆ, ಮನೆಯಿಂದ ಹೊರಗೇ ಹೋಗದಂತಾಗಿದ್ದರೆ, ಆಪ್ತಸಲಹೆಗಾರರನ್ನೋ ಮನೋವೈದ್ಯರನ್ನೋ ಕಾಣಿ. ಕಾಯಿಲೆ ಕಿವಿಯದ್ದೇ. ಅದರ ಭಾರ ಹೊರುತ್ತಿರುವುದು ಮನಸ್ಸು, ಅದಕ್ಕೂ ಆರೈಕೆ ಬೇಕು.

ಹೆಜ್ಜೆ 6: ನಡಿಗೆ

ಸುತ್ತು ಇಲ್ಲದ ದಿನಗಳಲ್ಲಿ ಸುಮ್ನೆ ಮಲಗಿರಬೇಡಿ. ಹತ್ತು ನಿಮಿಷದಿಂದ ಶುರುಮಾಡಿ ಅರ್ಧ ಗಂಟೆಯವರೆಗೆ ನಡೆಯಿರಿ. ಮೊದಲು ಜೊತೆಗೆ ಯಾರಾದರೂ ಇರಲಿ. ಜನಜಂಗುಳಿ ಭಯವಾದರೆ ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಸುತ್ತು ಇಲ್ಲದಾಗಲೂ ಓಲಾಡಿದಂತಾದರೆ ಫಿಸಿಯೋಥೆರಪಿಸ್ಟ್ ಸಮತೋಲನದ ವ್ಯಾಯಾಮ ಹೇಳಿಕೊಡುತ್ತಾರೆ. ಏಣಿ ಹತ್ತುವುದು, ಒಬ್ಬರೇ ಈಜುವುದು ಬೇಡ. ಗಾಡಿ ಓಡಿಸುವ ಬಗ್ಗೆ ಡಾಕ್ಟರ್ ಒಪ್ಪಿಗೆ ಬೇಕು. ಯಾವ ಸೂಚನೆಯೂ ಇಲ್ಲದೆ, ಯಾರೋ ತಳ್ಳಿದಂತೆ ಒಮ್ಮೆಯಾದರೂ ಬಿದ್ದಿದ್ದರೆ ಆ ದಿನದಿಂದಲೇ ಗಾಡಿ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಇಷ್ಟು ಮಾಡಿಯೂ ನಿಲ್ಲದಿದ್ದರೆ

ಅದು ನಿಮ್ಮ ಸೋಲಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ಕಿವಿಯ ತಮಟೆಯ ಹಿಂದಕ್ಕೆ ಸ್ಟೀರಾಯ್ಡ್ ಇಲ್ಲವೇ ಜೆಂಟಾಮೈಸಿನ್ ಚುಚ್ಚುಮದ್ದು, ಕೆಲವರಿಗೆ ಶಸ್ತ್ರಚಿಕಿತ್ಸೆ ಹೀಗೆ ಮುಂದಿನ ದಾರಿಗಳಿವೆ. ಜೆಂಟಾಮೈಸಿನ್‌ನಿಂದ ಕೇಳುವ ಶಕ್ತಿಗೆ ಪೆಟ್ಟು ಬೀಳುವ ಸಾಧ್ಯತೆ ಇದೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಅಲನ್ ಶೆಪರ್ಡ್ ಅವರಿಗೂ ಇದೇ ಕಾಯಿಲೆ ಬಂತು. ವರ್ಷಗಟ್ಟಲೆ ಹಾರಾಟದಿಂದ ದೂರ ಇಟ್ಟರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 1971ರಲ್ಲಿ ಅವರು ಚಂದ್ರನ ಮೇಲೆ ನಡೆದರು. ಎಲ್ಲರಿಗೂ ಅದೇ ಫಲ ಸಿಗುತ್ತದೆ ಎನ್ನಲಾಗದು. ಆದರೆ ವರ್ಷಗಳು ಕಳೆದಂತೆ ಬಹಳ ಜನರಲ್ಲಿ ಸುತ್ತುಗಳು ತಾವಾಗಿಯೇ ಕಡಿಮೆಯಾಗುತ್ತವೆ. ಕೇಳುವ ಶಕ್ತಿ ಮಾತ್ರ ಮೆಲ್ಲಗೆ ಕುಗ್ಗುತ್ತಾ ಹೋಗಬಹುದು. ಅದಕ್ಕೇ ಸುತ್ತು ನಿಂತಿದೆ ಅಂತ ಶ್ರವಣ ಪರೀಕ್ಷೆ ಬಿಡಬಾರದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಡೈರಿ ಜೊತೆಗಿರಲಿ.