ಸಿಗರೇಟ್ ಸೇದುವವರಿಗೆ ಅರಿವಳಿಕೆ ಕೊಡುವಾಗ ನಾನು ನೋಡುವುದೇನು?

ಆಪರೇಷನ್‌ಗೆ ಮುಂಚಿನ ತಪಾಸಣೆಯಲ್ಲಿ 'ಸಿಗರೇಟ್ ಸೇದ್ತೀರಾ?' ಎಂದು ನಾನು ಕೇಳುವುದಿಲ್ಲ. ಪಕ್ಕದಲ್ಲಿ ಮನೆಯವರಿದ್ದರಂತೂ 'ಇಲ್ಲ ಡಾಕ್ಟ್ರೇ' ಎನ್ನುವವರೇ ಜಾಸ್ತಿ. ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, 'ಕೊನೆಯದಾಗಿ ಸೇದಿದ್ದು ಯಾವಾಗ?' ಎನ್ನುತ್ತೇನೆ. ಬೈಯುವುದಕ್ಕಲ್ಲ, ಔಷಧಿ ಆರಿಸುವುದಕ್ಕೆ ಎಂದೂ ಮೊದಲೇ ಹೇಳಿಬಿಡುತ್ತೇನೆ. ಆಗ ನಿಜ ಹೊರಗೆ ಬರುತ್ತದೆ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬೆಳಿಗ್ಗೆ ಕಫ ಬೀಳುತ್ತಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ.

ಎಲ್ಲರೂ ನಿಕೋಟಿನ್ ಬಗ್ಗೆಯೇ ಮಾತಾಡುತ್ತಾರೆ. ಅದು ಎದೆಬಡಿತ, ಬಿಪಿ ಏರಿಸುತ್ತದೆ, ನಿಜ. ಆದರೆ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ನನಗೆ ಹೆಚ್ಚು ತಲೆನೋವು ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲದ್ದು. ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಜೊತೆಗೆ, ಉಳಿದ ಆಮ್ಲಜನಕವನ್ನೂ ರಕ್ತ ಸುಲಭವಾಗಿ ಬಿಟ್ಟುಕೊಡದ ಹಾಗೆ ಮಾಡುತ್ತದೆ. ಬೆರಳಿಗೆ ಸಿಕ್ಕಿಸುವ ಮಾಮೂಲಿ ಪಲ್ಸ್ ಆಕ್ಸಿಮೀಟರ್‌ಗೆ ಇದು ಗೊತ್ತೇ ಆಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೂಡ ಅದರ ಕಣ್ಣಿಗೆ ಆಮ್ಲಜನಕ ತುಂಬಿದ್ದೇ. ಪರದೆ ಮೇಲೆ 98 ಇದ್ದರೂ, ಬೆಳಿಗ್ಗೆ ಸೇದಿ ಬಂದವರ ವಿಷಯದಲ್ಲಿ ನಾನು ಆ ಅಂಕಿಯನ್ನು ಪೂರ್ತಿ ನಂಬುವುದಿಲ್ಲ.

ಮಾಮೂಲಿ ಗಾಳಿ ಉಸಿರಾಡುತ್ತಿದ್ದರೆ 4ರಿಂದ 6 ಗಂಟೆಯಲ್ಲಿ ಇದೂ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಹಿಂದಿನ ದಿನ ಬಿಟ್ಟರೂ ಲಾಭವೇ. 'ಆಪರೇಷನ್ ಹತ್ತಿರ ಬಂದಾಗ ಬಿಟ್ಟರೆ ಕಫ ಹೆಚ್ಚಾಗಿ ಇನ್ನೂ ತೊಂದರೆ' ಎಂಬ ಮಾತು ವೈದ್ಯರಲ್ಲೇ ಬಹಳ ಕಾಲ ಓಡಾಡಿತು. ಆಮೇಲಿನ ಅಧ್ಯಯನಗಳಲ್ಲಿ ಅದಕ್ಕೆ ಬಲ ಸಿಗಲಿಲ್ಲ. ಕನಿಷ್ಠ 4 ವಾರ ಸಿಕ್ಕರೆ ಇನ್ನೂ ಒಳ್ಳೆಯದು. ಶ್ವಾಸನಾಳದ ಸಣ್ಣ ರೋಮಗಳು ಚೇತರಿಸಿಕೊಂಡು ಕಫವನ್ನು ಮೇಲೆ ತಳ್ಳತೊಡಗುತ್ತವೆ, ಗಾಯವೂ ಚೆನ್ನಾಗಿ ಮಾಯುತ್ತದೆ. ಬಿಡಲು ತೀರಾ ಒದ್ದಾಡುವವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಗ್ಗೆ ಹೇಳುತ್ತೇನೆ. ಹೊಗೆಗಿಂತ ಅದು ಎಷ್ಟೋ ವಾಸಿ.

ಥಿಯೇಟರ್‌ನಲ್ಲಿ ಮಾಸ್ಕ್ ಇಟ್ಟು ಆಮ್ಲಜನಕ ತುಂಬಿಸುವಾಗ ಅವಸರ ಮಾಡುವುದಿಲ್ಲ. ಸೇದುವವರ ಶ್ವಾಸನಾಳ ಮುಟ್ಟಿದರೆ ಮುನಿ. ರಕ್ತನಾಳಕ್ಕೆ ಕೊಡುವ ಅರಿವಳಿಕೆ ಔಷಧಿ ಪ್ರೊಪೊಫಾಲ್ ಕೊಟ್ಟು, ಅರಿವಳಿಕೆ ಸಾಕಷ್ಟು ಆಳವಾಗುವ ತನಕ ಗಂಟಲಿಗೆ ಏನನ್ನೂ ಹಾಕುವುದಿಲ್ಲ. ಉಸಿರಿನ ಮೂಲಕ ಕೊಡುವ ಅರಿವಳಿಕೆಗಳಲ್ಲಿ ಡೆಸ್‌ಫ್ಲುರೇನ್ ಶ್ವಾಸನಾಳವನ್ನು ಕೆರಳಿಸುತ್ತದೆ, ಅದಕ್ಕೇ ಸೆವೊಫ್ಲುರೇನ್ ಆರಿಸುತ್ತೇನೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟೋ ನರದ ಸುತ್ತ ಮರಗಟ್ಟಿಸಿಯೋ ಮುಗಿಯುವ ಆಪರೇಷನ್ ಆದರೆ ಗಂಟಲಿನ ತಂಟೆಗೇ ಹೋಗುವುದಿಲ್ಲ.

ಒಂದು ತಮಾಷೆ ಇದೆ. ಅರಿವಳಿಕೆಯ ನಂತರದ ವಾಂತಿ ಸೇದುವವರಿಗೆ ಕಡಿಮೆ. ರೋಗಿಗಳಿಗೆ ಇದನ್ನು ಹೇಳಲು ಮಾತ್ರ ನಾನು ಹೋಗುವುದಿಲ್ಲ!

ನನ್ನ ಮಟ್ಟಿಗೆ ಕಷ್ಟದ ಗಳಿಗೆ, ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ ಟ್ಯೂಬ್ ತೆಗೆಯುವಾಗ. ಕೆಮ್ಮು ಒತ್ತರಿಸಿ ಬರುತ್ತದೆ. ಕೆಲವೊಮ್ಮೆ ಧ್ವನಿಪೆಟ್ಟಿಗೆ ಗಪ್ಪೆಂದು ಮುಚ್ಚಿಕೊಂಡು ಗಾಳಿಯೇ ಒಳಗೆ ಹೋಗುವುದಿಲ್ಲ. ರೋಗಿ ಇನ್ನೂ ಆಳದ ಅರಿವಳಿಕೆಯಲ್ಲಿರುವಾಗಲೇ ಗಂಟಲಿನ ಕಫವನ್ನೆಲ್ಲ ಎಳೆದು ತೆಗೆಯುತ್ತೇನೆ. ಕೆಲವರಿಗೆ ಕೆಮ್ಮು ತಗ್ಗಲೆಂದು ರಕ್ತನಾಳಕ್ಕೆ ಸ್ವಲ್ಪ ಲಿಡೊಕೇನ್ ಎಂಬ ಔಷಧಿ ಕೊಡುತ್ತೇನೆ. ಆಮೇಲೆ ಕಣ್ಣು ಬಿಟ್ಟು, ಹೇಳಿದ ಮಾತು ಕೇಳುವ ತನಕ ಟ್ಯೂಬ್ ಮುಟ್ಟುವುದಿಲ್ಲ. ಅರೆಬರೆ ಎಚ್ಚರದಲ್ಲಿ ತೆಗೆಯುವುದೇ ಅಪಾಯ.

ವಾರ್ಡ್‌ನಲ್ಲಿ ತಲೆದಿಂಬು ಎತ್ತರಿಸಿ, ನೋವಿಗೆ ಧಾರಾಳವಾಗಿ ಔಷಧಿ ಬರೆಯುತ್ತೇನೆ. ನೋವಿದ್ದರೆ ಯಾರೂ ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಒಳಗೇ ಕೂತು ನ್ಯುಮೋನಿಯಾಗೆ ದಾರಿಯಾಗುತ್ತದೆ. ಮಕ್ಕಳ ಆಪರೇಷನ್ ಇದ್ದಾಗಲೂ ಮನೆಯಲ್ಲಿ ಯಾರು ಸೇದುತ್ತಾರೆ ಎಂದು ಕೇಳುತ್ತೇನೆ. ಅಪ್ಪ ಸೇದಿದ ಹೊಗೆಯಿಂದಲೂ ಮಗುವಿನ ಗಂಟಲು ಹೀಗೇ ಮುಚ್ಚಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಆ ಪ್ರಶ್ನೆಗೆ ಮಾತ್ರ ಅಪ್ಪಂದಿರು ಸುಳ್ಳು ಹೇಳುವುದು ಕಡಿಮೆ.