ಒಂದೇ ಕೇಬಲ್ ಇಡೀ ನೆಟ್‌ವರ್ಕ್ ನಿಲ್ಲಿಸದಿರಲು: ಸ್ವಿಚ್ ಪೋರ್ಟ್‌ಗಳನ್ನು ಹೊಂದಿಸುವ ಬಗೆ

ಬಿಲ್ಲಿಂಗ್ ಮೇಜಿನ ಕೆಳಗೆ ನೇತಾಡುತ್ತಿದ್ದ ಕೇಬಲ್ ತುದಿಯನ್ನು ಯಾರೋ ಖಾಲಿ ಕಂಡ ಪೋರ್ಟ್‌ಗೆ ಸಿಕ್ಕಿಸುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿ, ಅಂದರೆ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಯಲ್ಲಿ, ಇರುತ್ತದೆ. ಮರುಕ್ಷಣವೇ ಬಿಲ್ ಹೋಗುವುದಿಲ್ಲ, ಕ್ಯಾಮೆರಾ ಚಿತ್ರ ನಿಂತುಬಿಡುತ್ತದೆ, ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಪಟಪಟನೆ ಮಿನುಗುತ್ತವೆ. ದಾವಣಗೆರೆ ಮಂಡಿಪೇಟೆಯ ಸಗಟು ಅಂಗಡಿಯಿರಲಿ, ಎಪಿಎಂಸಿಯ ದಲ್ಲಾಳಿ ಮಂಡಿಯಿರಲಿ, ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಇರಲಿ, ಈ ಕಾಟ ಎಲ್ಲಿಯೂ ಬರಬಹುದು. ಈಥರ್ನೆಟ್ ಫ್ರೇಮ್‌ಗೆ, ಅಂದರೆ ಕೇಬಲ್‌ನಲ್ಲಿ ಸಾಗುವ ಮಾಹಿತಿಯ ತುಣುಕಿಗೆ, ಆಯಸ್ಸಿನ ಮಿತಿ ಇಲ್ಲ. ಸುತ್ತು ಬಿದ್ದ ದಾರಿಯಲ್ಲಿ ಅದು ತಿರುಗುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಸ್ಪ್ಯಾನಿಂಗ್ ಟ್ರೀ. 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ ಈ ವಿಧಾನದಲ್ಲಿ ಸ್ವಿಚ್‌ಗಳು ಬಿಪಿಡಿಯು ಎಂಬ ಸಣ್ಣ ಸಂದೇಶಗಳನ್ನು 2 ಸೆಕೆಂಡಿಗೊಮ್ಮೆ ಕಳಿಸುತ್ತವೆ. ಒಂದು ಸ್ವಿಚ್ ರೂಟ್ (ಎಲ್ಲ ದಾರಿಗಳ ಲೆಕ್ಕಕ್ಕೂ ಮೂಲ) ಆಗುತ್ತದೆ, ಹೆಚ್ಚುವರಿ ದಾರಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಕೊಂಡವರಲ್ಲಿ ಅನೇಕರು ಈ ಸೌಲಭ್ಯವನ್ನು ಮುಟ್ಟುವುದೇ ಇಲ್ಲ. ಇನ್ನು ಕೆಲವರು ‘ನಿಧಾನ ಮಾಡುತ್ತದೆ’ ಎಂದು ಆಫ್ ಮಾಡಿಬಿಡುತ್ತಾರೆ. ಎರಡನೆಯದು ದೊಡ್ಡ ತಪ್ಪು. ನಿಧಾನಕ್ಕೆ ಬೇರೆಯೇ ಪರಿಹಾರವಿದೆ.

ಕೆಲಸವನ್ನು ಅಂಗಡಿ ಬಾಗಿಲು ಹಾಕಿದ ಮೇಲೆ ಇಟ್ಟುಕೊಳ್ಳಿ. ಮೊದಲು ಕಾಗದ, ಪೆನ್ನು. ಯಾವ ಪೋರ್ಟ್‌ನಲ್ಲಿ ಕಂಪ್ಯೂಟರ್, ಯಾವುದರಲ್ಲಿ ಪ್ರಿಂಟರ್, ಯಾವುದರಲ್ಲಿ ಕ್ಯಾಮೆರಾ, ಯಾವುದು ಮೇಲಿನ ಮಹಡಿಯ ಸ್ವಿಚ್‌ಗೆ ಹೋಗುತ್ತದೆ ಎಂದು ಒಂದೊಂದನ್ನೂ ಬರೆದುಕೊಳ್ಳಿ. ಈ ಪಟ್ಟಿ ಇಲ್ಲದೆ ಮುಂದೆ ಹೋಗಬೇಡಿ, ಏಕೆಂದರೆ ಇಡೀ ಹೊಂದಾಣಿಕೆ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಈ ಪೋರ್ಟ್‌ನ ಆ ಕಡೆ ಇರುವುದು ಸಾಧನವೋ, ಇನ್ನೊಂದು ಸ್ವಿಚ್ಚೋ?

ಬ್ರೌಸರ್‌ನಲ್ಲಿ ಸ್ವಿಚ್‌ನ ಐಪಿ ವಿಳಾಸ ತೆರೆದು, ಈಗಿರುವ ಸಂರಚನೆಯ ಬ್ಯಾಕಪ್ ಇಳಿಸಿಕೊಳ್ಳಿ. ಸ್ಪ್ಯಾನಿಂಗ್ ಟ್ರೀ ಮೆನುವಿನಲ್ಲಿ ಅದರ ವೇಗದ ರೂಪವಾದ ಆರ್‌ಎಸ್‌ಟಿಪಿ ಆರಿಸಿ. ಹಳೆಯ ಎಸ್‌ಟಿಪಿಯಲ್ಲಿ ಒಂದು ಪೋರ್ಟ್ ತೆರೆದುಕೊಳ್ಳಲು 30 ಸೆಕೆಂಡು ಹಿಡಿಯುತ್ತದೆ.

ಮುಂದೆ, ರೂಟ್ ಯಾವುದೆಂದು ನೀವೇ ತೀರ್ಮಾನಿಸಿ. ಬ್ರಿಡ್ಜ್ ಪ್ರಯಾರಿಟಿ ಸಾಮಾನ್ಯವಾಗಿ ಎಲ್ಲ ಸ್ವಿಚ್‌ಗಳಲ್ಲೂ 32768 ಇರುತ್ತದೆ. ಎಲ್ಲವೂ ಸಮವಾದರೆ ಅತಿ ಕಡಿಮೆ ಮ್ಯಾಕ್ ವಿಳಾಸದ (ತಯಾರಕರೇ ಕೊಟ್ಟ ಗುರುತಿನ ಸಂಖ್ಯೆಯ) ಸ್ವಿಚ್ ಗೆಲ್ಲುತ್ತದೆ. ಹಾಗಾಗಿ ಮೂಲೆಯಲ್ಲಿ ಬಿದ್ದಿರುವ ಹಳೆಯ ಸ್ವಿಚ್ಚೇ ರೂಟ್ ಆಗಿಬಿಡಬಹುದು. ರೂಟರ್‌ಗೆ ಹತ್ತಿರದ ಮುಖ್ಯ ಸ್ವಿಚ್‌ಗೆ 4096 ಕೊಡಿ. ಅಂಕಿ ಕಡಿಮೆಯಾದಷ್ಟೂ ಹಕ್ಕು ಹೆಚ್ಚು.

ಈಗ ಪೋರ್ಟ್‌ಗಳು. ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಗಳ ಪೋರ್ಟ್‌ಗೆ ‘ಎಡ್ಜ್’ ಆನ್ ಮಾಡಿ. ಕೆಲವು ಕಂಪನಿಗಳು ಇದನ್ನೇ ಪೋರ್ಟ್‌ಫಾಸ್ಟ್ ಎನ್ನುತ್ತವೆ. ಆಗ ಪೋರ್ಟ್ ಕಾಯದೆ ತಕ್ಷಣ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಐಪಿ ವಿಳಾಸ ಸಿಗದೆ ಒದ್ದಾಡುವ ತೊಂದರೆ ಎಷ್ಟೋ ಕಡೆ ಇಷ್ಟಕ್ಕೇ ತಪ್ಪುತ್ತದೆ. ಆದರೆ ಎಡ್ಜ್ ಕೊಟ್ಟ ಪ್ರತಿ ಪೋರ್ಟ್‌ಗೂ ಬಿಪಿಡಿಯು ಗಾರ್ಡ್ ಕೊಡಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಸಾಧನವಿರಬೇಕಾದ ಕಡೆಯಿಂದ ಬಿಪಿಡಿಯು ಬಂತೆಂದರೆ ಅಲ್ಲಿ ಯಾರೋ ಸ್ವಿಚ್ ಜೋಡಿಸಿದ್ದಾರೆ ಅಥವಾ ಸುತ್ತು ಬಿದ್ದಿದೆ ಎಂದೇ ಅರ್ಥ. ಗಾರ್ಡ್ ಇದ್ದರೆ ಆ ಒಂದು ಪೋರ್ಟ್ ಮುಚ್ಚುತ್ತದೆ, ಉಳಿದವರ ಕೆಲಸ ನಡೆಯುತ್ತದೆ.

ಪಕ್ಕದಲ್ಲೇ ಕಾಣುವ ಬಿಪಿಡಿಯು ಫಿಲ್ಟರ್ ಅನ್ನು ಗಾರ್ಡ್ ಎಂದುಕೊಂಡು ಆನ್ ಮಾಡಬೇಡಿ. ಅದು ಸಂದೇಶಗಳನ್ನೇ ತಡೆದು ಸ್ವಿಚ್‌ನ ಕಣ್ಣು ಕಟ್ಟುತ್ತದೆ. ಮೇಜಿನ ಮೇಲಿನ ಅಗ್ಗದ ಸ್ವಿಚ್‌ಗಳಲ್ಲಿ ಕೆಲವು ಬಿಪಿಡಿಯುವನ್ನು ಮುಂದಕ್ಕೆ ಬಿಡುವುದಿಲ್ಲ. ಅಂಥವು ಇದ್ದ ಕಡೆ ಲೂಪ್ ಡಿಟೆಕ್ಷನ್ (ಸುತ್ತು ಪತ್ತೆ) ಸೌಲಭ್ಯವನ್ನೂ ಬಳಸಿ.

ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟ್‌ಗಳಲ್ಲಿ ಎಡ್ಜ್ ಆಫ್ ಇರಲಿ, ಬಿಪಿಡಿಯು ಗಾರ್ಡ್ ಕೂಡ ಬೇಡ. ಮುಖ್ಯ ಸ್ವಿಚ್‌ನಿಂದ ಕೆಳಗಿನ ಸ್ವಿಚ್‌ಗಳಿಗೆ ಹೋಗುವ ಪೋರ್ಟ್‌ನಲ್ಲಿ ರೂಟ್ ಗಾರ್ಡ್ ಹಾಕಿದರೆ, ನಾಳೆ ಯಾರೋ ತಂದು ಜೋಡಿಸಿದ ಸ್ವಿಚ್ ರೂಟ್ ಪಟ್ಟಕ್ಕೆ ಏರಲಾರದು. ಪಾತ್ ಕಾಸ್ಟ್ (ದಾರಿಯ ವೆಚ್ಚದ ಅಂಕಿ; ಕಡಿಮೆಯಿದ್ದ ದಾರಿಗೇ ಆದ್ಯತೆ), ಪೋರ್ಟ್ ಪ್ರಯಾರಿಟಿಗಳನ್ನು ಇದ್ದಂತೆಯೇ ಬಿಡಿ. ಎರಡು ದಾರಿಗಳಲ್ಲಿ ಇಂಥದ್ದೇ ಮೊದಲು ಬಳಕೆಯಾಗಬೇಕು ಎಂದಿದ್ದರೆ ಮಾತ್ರ ಬೇಡವಾದ ದಾರಿಯ ಕಾಸ್ಟ್ ಹೆಚ್ಚಿಸಿ.

‘ಅಪ್ಲೈ’ ಒತ್ತಿದ ಮೇಲೆ ‘ಸೇವ್’ ಕೂಡ ಒತ್ತಿ. ಹಲವು ಸ್ವಿಚ್‌ಗಳಲ್ಲಿ ಇವೆರಡೂ ಬೇರೆ ಬೇರೆ. ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದೊಡನೆ ನಿಮ್ಮ ಶ್ರಮವೆಲ್ಲ ಅಳಿಸಿಹೋಗಿರುತ್ತದೆ. ಸ್ಥಿತಿ ಪುಟದಲ್ಲಿ ಮುಖ್ಯ ಸ್ವಿಚ್ ರೂಟ್ ಆಗಿದೆಯೇ, ಹೆಚ್ಚುವರಿ ಕೇಬಲ್ ಇದ್ದರೆ ಅದರ ಒಂದು ತುದಿಯ ಪೋರ್ಟ್ ‘ಆಲ್ಟರ್ನೇಟ್, ಡಿಸ್ಕಾರ್ಡಿಂಗ್’ (ಬದಲಿ ದಾರಿ, ಸದ್ಯ ಮುಚ್ಚಿದೆ) ಎಂದು ತೋರಿಸುತ್ತಿದೆಯೇ ನೋಡಿ. ಹೆಚ್ಚುವರಿ ಕೇಬಲ್ ಇದ್ದಲ್ಲಿ ಆಮೇಲೆ ಮುಖ್ಯ ಕೇಬಲ್ ಕಿತ್ತು, ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಎಷ್ಟು ಬೇಗ ಮರಳುತ್ತದೆ ಗಮನಿಸಿ.

ಮುಂದೊಂದು ದಿನ ಗಾರ್ಡ್ ಪೋರ್ಟ್ ಮುಚ್ಚಿದರೆ ಆತುರದಿಂದ ತೆರೆಯಬೇಡಿ. ಪಟ್ಟಿ ನೋಡಿ ಆ ಮೇಜಿಗೆ ಹೋಗಿ, ಹೊಸದಾಗಿ ಜೋಡಿಸಿದ ಕೇಬಲ್ ಅಥವಾ ಸ್ವಿಚ್ ಬಿಚ್ಚಿ, ಆಮೇಲೆ ಪೋರ್ಟ್ ಆನ್ ಮಾಡಿ. ಕಾರಣ ಅಲ್ಲೇ ಉಳಿದಿದ್ದರೆ ಪೋರ್ಟ್ ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ.